ಪ್ಯಾರಿಷ್ ಕೌನ್ಸಿಲಿನಲ್ಲಿ ಒಂದು ಠರಾವು ಆಗುವ ಬಗೆ: ಕ್ಲರ್ಕ್ ಕೆಲಸದ ಅನುಭವ

ಸಭೆ ಮಂಗಳವಾರ ಸಂಜೆ ಇದ್ದರೆ ಅಜೆಂಡಾ ಹಿಂದಿನ ಗುರುವಾರವೇ ನೋಟಿಸ್ ಬೋರ್ಡಿಗೆ ಏರಿರಬೇಕು. ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್, ಅಂದರೆ ಊರಮಟ್ಟದ ಚುನಾಯಿತ ಮಂಡಳಿ, ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ಅದರ ಕ್ಲರ್ಕ್ (ಅಜೆಂಡಾ, ಲೆಕ್ಕ, ನಡಾವಳಿ ನೋಡಿಕೊಳ್ಳುವ ಅಧಿಕಾರಿ) ಆಗಿ ನಾನು ಈ ಲೆಕ್ಕದಿಂದಲೇ ಶುರುಮಾಡುತ್ತೇನೆ. 1972ರ ಸ್ಥಳೀಯ ಸರ್ಕಾರ ಕಾಯಿದೆ ಕೇಳುವುದು ಮೂರು ಪೂರ್ಣ ದಿನಗಳ ಮುನ್ಸೂಚನೆ. ಅಂಟಿಸಿದ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನ ಲೆಕ್ಕಕ್ಕಿಲ್ಲ, ಭಾನುವಾರವೂ ಇಲ್ಲ, ಕ್ರಿಸ್‌ಮಸ್, ಈಸ್ಟರ್ ಮತ್ತು ಬ್ಯಾಂಕ್ ರಜೆಗಳೂ ಇಲ್ಲ. ಶನಿವಾರ ಲೆಕ್ಕಕ್ಕೆ ಬರುತ್ತದೆ. ಶುಕ್ರ, ಶನಿ, ಸೋಮ: ಮೂರಾಯಿತು. ನಾನು ಬುಧವಾರವೇ ಅಂಟಿಸಿಬಿಡುತ್ತೇನೆ. ಮಳೆಗೆ ಕಾಗದ ಕಿತ್ತುಹೋದರೂ ಬೋರ್ಡಿನ ಬೀಗ ಕೆಟ್ಟರೂ ಸರಿಮಾಡಲು ಒಂದು ದಿನ ಕೈಯಲ್ಲಿರುತ್ತದೆ. ವೆಬ್‌ಸೈಟಿಗೆ ಹಾಕಿದರಷ್ಟೇ ಸಾಲದು, ಊರಿನೊಳಗೆ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಕಾಗದ ಇರಲೇಬೇಕು. ಸದಸ್ಯರಿಗೂ ಅಷ್ಟೇ ಮುಂಚೆ ಕ್ಲರ್ಕಿನ ಸಹಿಯ ಕರೆಪತ್ರ ಹೋಗಬೇಕು. ಇಮೇಲ್‌ನಲ್ಲಿ ಕಳಿಸುವುದಾದರೆ ಅದಕ್ಕೆ ಅವರು ಒಪ್ಪಿರಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಕೌನ್ಸಿಲ್ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ. ನಮ್ಮ ಕರ್ನಾಟಕದ ಸಭೆಗಳಲ್ಲಿ ಕೊನೆಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ" ಎಂದು ಒಂದು ಸಾಲು ಇರುತ್ತದಲ್ಲ, ಇಲ್ಲಿ ಆ ಸಾಲಿನ ಕೆಳಗೆ ಮಾತಾಡಬಹುದು, ಮಾಹಿತಿ ಕೊಡಬಹುದು, ಮುಂದಿನ ಸಭೆಗೆ ಸೇರಿಸಿ ಎನ್ನಬಹುದು. ದುಡ್ಡು ಖರ್ಚು ಮಾಡಲು ಮಾತ್ರ ಬರುವುದಿಲ್ಲ. "ಪತ್ರವ್ಯವಹಾರ", "ಹಿಂದಿನ ಸಭೆಯ ವಿಷಯಗಳು" ಎಂಬ ಸಾಲುಗಳಿಗೂ ಇದೇ ಮಾತು. ಅಂಥ ಸಾಲಿನಡಿ 300 ಪೌಂಡ್ ದೇಣಿಗೆ ಕೊಟ್ಟಿದ್ದರೆ ಆ ಖರ್ಚಿಗೆ ಕಾನೂನಿನ ಬೆಂಬಲವಿಲ್ಲ, ಆಂತರಿಕ ಲೆಕ್ಕಪರಿಶೋಧಕರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಅಜೆಂಡಾ ಎಂದರೆ ಊರಿನವರಿಗೆ ಕೊಟ್ಟ ಮಾತು. "ಇಂಥ ದಿನ ಇಂಥ ವಿಷಯ ತೀರ್ಮಾನವಾಗುತ್ತದೆ, ಬೇಕಾದವರು ಬನ್ನಿ" ಎಂದು ಹೇಳದೆ ತೀರ್ಮಾನಿಸಿದರೆ ಆ ಮಾತು ಮುರಿದಂತೆ.

ಪ್ಯಾರಿಷ್ ಎಂಬ ಹೆಸರು ಕೇಳಿ ಇದನ್ನು ಚರ್ಚಿನ ಸಂಸ್ಥೆ ಎಂದುಕೊಳ್ಳುವವರಿದ್ದಾರೆ. 1894ರ ಕಾಯಿದೆ ಊರಿನ ಲೌಕಿಕ ಕೆಲಸಗಳನ್ನು ಚರ್ಚಿನಿಂದ ಬೇರ್ಪಡಿಸಿ ಚುನಾಯಿತ ಕೌನ್ಸಿಲಿಗೆ ಕೊಟ್ಟಿತು. ಚರ್ಚಿನ ಆಡಳಿತಕ್ಕೆ ಅದರದೇ ಬೇರೆ ಮಂಡಳಿ ಇದೆ. ಇಂಗ್ಲೆಂಡಿನಲ್ಲಿ ಈಗ ಇಂಥ ಪ್ಯಾರಿಷ್ ಮತ್ತು ಟೌನ್ ಕೌನ್ಸಿಲುಗಳು ಸುಮಾರು 10,000 ಇವೆ. ಕನಿಷ್ಠ ಐದು ಸದಸ್ಯರು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ, ಸಾಮಾನ್ಯವಾಗಿ ಸಂಬಳವಿಲ್ಲ. ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸುವುದು ಸಹಜ, ಆದರೆ ಎರಡು ಕಡೆ ಹೋಲಿಕೆ ತಪ್ಪುತ್ತದೆ. ಪಿಡಿಒ ಸರ್ಕಾರದ ನೌಕರರು, ಸರ್ಕಾರವೇ ನೇಮಿಸಿ ವರ್ಗ ಮಾಡುತ್ತದೆ. ಇಲ್ಲಿ ಕ್ಲರ್ಕ್ ಕೌನ್ಸಿಲಿನದೇ ನೌಕರ, ಸಣ್ಣ ಊರುಗಳಲ್ಲಿ ವಾರಕ್ಕೆ ಎಂಟು-ಹತ್ತು ಗಂಟೆಯ ಕೆಲಸ. ಎರಡನೆಯದು ಹಣ. ಪಂಚಾಯಿತಿಗೆ ಮೇಲಿನಿಂದ ಅನುದಾನ ಇಳಿಯುತ್ತದೆ. ಪ್ಯಾರಿಷ್‌ಗೆ ಬರುವುದು ಹೆಚ್ಚುಕಡಿಮೆ ಊರಿನ ಮನೆಗಳ ತೆರಿಗೆಯಿಂದಲೇ. ಶಾಲೆ, ದೊಡ್ಡ ರಸ್ತೆ, ಕಸ ಸಾಗಣೆ ಇವರ ಪಾಲಿನದಲ್ಲ. ಆಟದ ಅಂಗಳ, ಹುಲ್ಲು ಕತ್ತರಿಸುವುದು, ಸ್ಮಶಾನ, ತರಕಾರಿ ಬೆಳೆಯಲು ಗೇಣಿಗೆ ಕೊಡುವ ಅಲಾಟ್‌ಮೆಂಟ್ ತುಂಡುಗಳು, ಬಸ್ ತಂಗುದಾಣ, ಬೆಂಚು, ಕೆಲವೆಡೆ ಬೀದಿದೀಪ ಇವರ ಕೆಲಸ.

ಕೌನ್ಸಿಲಿಗೆ ಬಂದ ಹೊಸ ಸದಸ್ಯರಿಗೆ ನಾನು ಮೊದಲ ದಿನವೇ ಹೇಳುವುದು: ಒಬ್ಬ ಸದಸ್ಯನಿಗೆ ಒಂಟಿಯಾಗಿ ಯಾವ ಅಧಿಕಾರವೂ ಇಲ್ಲ, ಅಧ್ಯಕ್ಷರಿಗೂ ಇಲ್ಲ. 1972ರ ಕಾಯಿದೆಯ 101ನೇ ಕಲಂ ಪ್ರಕಾರ ಕೌನ್ಸಿಲ್ ತನ್ನ ಅಧಿಕಾರವನ್ನು ಸಮಿತಿಗೆ, ಉಪಸಮಿತಿಗೆ ಅಥವಾ ಅಧಿಕಾರಿಗೆ (ಅಂದರೆ ಕ್ಲರ್ಕಿಗೆ) ವಹಿಸಬಹುದು. ಒಬ್ಬ ಸದಸ್ಯರಿಗೆ ವಹಿಸಲು ದಾರಿಯಿಲ್ಲ. ಅಧ್ಯಕ್ಷರು ಬೇಲಿ ಕಟ್ಟುವವನಿಗೆ ಫೋನಿನಲ್ಲಿ "ಮಾಡಿಬಿಡಿ" ಎಂದರೆ ಅದು ಕೌನ್ಸಿಲಿನ ಆದೇಶವಲ್ಲ. ಇಮೇಲ್‌ನಲ್ಲಿ ಸದಸ್ಯರೆಲ್ಲರೂ "ಸರಿ" ಎಂದು ಬರೆದರೂ ಅದು ಠರಾವಲ್ಲ. ಅಪಾಯದ ಕೆಲಸಗಳು ಸಭೆಗೆ ಕಾಯುವುದಿಲ್ಲ ಎಂಬುದು ನಿಜ. ಉಯ್ಯಾಲೆಯ ಸರಪಳಿ ಸವೆದು ತುಂಡಾಗುವಂತಿದ್ದರೆ ಎರಡು ವಾರ ಸುಮ್ಮನಿರಲಾಗದು. ಅದಕ್ಕಾಗಿ ಹಣಕಾಸು ನಿಯಮಗಳಲ್ಲಿ ಮುಂಚೆಯೇ ಒಂದು ಸಾಲು ಬರೆಸಿಕೊಂಡಿರಬೇಕು: ತುರ್ತು ದುರಸ್ತಿಗೆ ಕ್ಲರ್ಕ್ ಅಧ್ಯಕ್ಷರೊಡನೆ ಸಮಾಲೋಚಿಸಿ 500 ಪೌಂಡ್‌ವರೆಗೆ ಖರ್ಚು ಮಾಡಬಹುದು, ಮುಂದಿನ ಸಭೆಗೆ ವರದಿ ಮಾಡಬೇಕು. ತೀರ್ಮಾನ ಕ್ಲರ್ಕಿನದು, ಸಲಹೆ ಅಧ್ಯಕ್ಷರದು. ಈ ಕ್ರಮ ಅದಲುಬದಲಾಗಬಾರದು.

ಊರಿನ ಬಯಲಿನಲ್ಲಿ ಒಂದು ಬೆಂಚು ಹಾಕಿಸುವುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೇಳಲು ಸಣ್ಣದು, ಆದರೆ ಕೌನ್ಸಿಲಿನ ಎಲ್ಲ ಹೆಜ್ಜೆಗಳೂ ಇದರಲ್ಲಿ ಬರುತ್ತವೆ. ಅಜೆಂಡಾಕ್ಕೆ ಸೇರಿಸುವ ಮೊದಲು ನಾನು ನಾಲ್ಕು ಸಂಗತಿ ಖಚಿತಪಡಿಸಿಕೊಳ್ಳುತ್ತೇನೆ.

ನೆಲ ಯಾರದು? ಬಯಲು ಕೌನ್ಸಿಲಿನದಾದರೂ ಅದರ ರಸ್ತೆ ಬದಿಯ ಅಂಚು ಹೆದ್ದಾರಿ ಪ್ರಾಧಿಕಾರದ್ದಾಗಿರಬಹುದು, ಹಾಗಿದ್ದರೆ ಅವರ ಅನುಮತಿ ಬೇಕು. ಇದಕ್ಕೇ ಎರಡು ಮೂರು ತಿಂಗಳು ಹಿಡಿಯುವುದುಂಟು. ಆಮೇಲೆ, ಯಾವ ಅಧಿಕಾರದಡಿ ಖರ್ಚು? ಪ್ಯಾರಿಷ್ ಕೌನ್ಸಿಲ್ ಕಾಯಿದೆಯಲ್ಲಿ ಹೇಳಿದ ಕೆಲಸಕ್ಕೆ ಮಾತ್ರ ಹಣ ಬಳಸಬಹುದು. ಬೆಂಚಿಗೆ 1957ರ ಪ್ಯಾರಿಷ್ ಕೌನ್ಸಿಲ್ ಕಾಯಿದೆ ಇದೆ, ಅಲಾಟ್‌ಮೆಂಟಿಗೆ 1908ರದು, ಸ್ಮಶಾನಕ್ಕೆ 1972ರದರ 214ನೇ ಕಲಂ. ಯಾವುದರಲ್ಲೂ ಸೇರದ, ಆದರೆ ಊರಿಗೆ ಒಳಿತಾಗುವ ಕೆಲಸಕ್ಕೆ ಅದೇ 1972ರ ಕಾಯಿದೆಯ 137ನೇ ಕಲಂ ಉಳಿದಿದೆ. ಅದಕ್ಕೆ ಮಿತಿ ಇದೆ, 2024-25ರಲ್ಲಿ ಒಬ್ಬ ಮತದಾರನಿಗೆ 10.81 ಪೌಂಡ್ ಲೆಕ್ಕ. ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಚುನಾವಣೆಯ ಮೂಲಕ ಬಂದಿದ್ದು, ಕ್ಲರ್ಕ್ ನಿಗದಿತ ಪರೀಕ್ಷೆ ಪಾಸಾಗಿದ್ದರೆ 2011ರ ಲೋಕಲಿಸಂ ಕಾಯಿದೆಯ ಸಾಮಾನ್ಯ ಅಧಿಕಾರ ಪಡೆಯಬಹುದು. ಆಗ ಈ ಹುಡುಕಾಟ ಬಹುಪಾಲು ತಪ್ಪುತ್ತದೆ.

ಮೂರನೆಯದು ಬೆಲೆ. "ಒಂದು ಬೆಂಚು" ಎಂದು ಕೇಳಿದರೆ ಮೂವರು ಮೂರು ಬಗೆಯದಕ್ಕೆ ದರ ಕೊಡುತ್ತಾರೆ, ಹೋಲಿಸಲು ಆಗುವುದಿಲ್ಲ. ಅದಕ್ಕೇ ವಿವರಪಟ್ಟಿ ಒಂದೇ ಇರಬೇಕು: 1.5 ಮೀಟರ್ ಉದ್ದ, ಮರುಬಳಕೆಯ ಪ್ಲಾಸ್ಟಿಕ್, ಬೆನ್ನೊರಗು ಮತ್ತು ಕೈಯಾಸರೆ ಇರುವಂಥದ್ದು, 2 ಮೀಟರ್‌ಗೆ 0.9 ಮೀಟರ್ ಅಳತೆಯ 100 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹಾಸು, ಬೋಲ್ಟ್ ಹಾಕಿ ಬಿಗಿಯುವ ಕೂಲಿ ಸೇರಿ. ಕೈಯಾಸರೆ ಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬೆಂಚಿನಲ್ಲಿ ಹೆಚ್ಚು ಕೂರುವವರು ಹಿರಿಯರು, ಏಳುವಾಗ ಊರಲು ಏನಾದರೂ ಬೇಕು. ನಾಲ್ಕನೆಯದು ಮುಂದಿನ ಖರ್ಚು. ವಿಮೆಯ ಪಟ್ಟಿಗೆ, ಆಸ್ತಿ ರಿಜಿಸ್ಟರಿಗೆ ಸೇರಿಸಬೇಕು, ವರ್ಷಕ್ಕೊಮ್ಮೆ ಬೋಲ್ಟ್ ನೋಡಬೇಕು, ಸುತ್ತ ಹುಲ್ಲು ಕತ್ತರಿಸಲು ಗುತ್ತಿಗೆದಾರ ಹೆಚ್ಚು ಕೇಳುತ್ತಾನೋ ವಿಚಾರಿಸಬೇಕು.

ಇದೆಲ್ಲ ಒಂದು ಪುಟದ ಟಿಪ್ಪಣಿಯಾಗಿ ಕರೆಪತ್ರದ ಜೊತೆಗೇ ಹೋಗುತ್ತದೆ. ಸಭೆಯಲ್ಲಿ ಟಿಪ್ಪಣಿ ಹಂಚಿದರೆ ಅರ್ಧ ಗಂಟೆ ಓದುವುದರಲ್ಲೇ ಕಳೆಯುತ್ತದೆ.

ಇನ್ನು ಠರಾವಿನ ಒಕ್ಕಣೆ. ಅಜೆಂಡಾದಲ್ಲಿ "ಬೆಂಚು: ಚರ್ಚೆ" ಎಂದು ಬರೆದರೆ ಚರ್ಚೆಯಷ್ಟೇ ಆಗುತ್ತದೆ. ನಾನು ಬರೆಯುವುದು ಹೀಗೆ: "ಬಯಲಿನ ದಕ್ಷಿಣ ಅಂಚಿನಲ್ಲಿ ಬೆಂಚು ಹಾಕಿಸುವ ಬಗ್ಗೆ ಮೂರು ದರಪಟ್ಟಿಗಳನ್ನು ಪರಿಶೀಲಿಸಿ ತೀರ್ಮಾನಿಸುವುದು." ಸಭೆಯಲ್ಲಿ ಸೂಚನೆ ಬಂದಾಗ ಪೂರ್ತಿ ವಾಕ್ಯವನ್ನು ಗಟ್ಟಿಯಾಗಿ ಓದುತ್ತೇನೆ: "2ನೇ ದರಪಟ್ಟಿಯನ್ನು ಒಪ್ಪಿ, ವ್ಯಾಟ್ ಬಿಟ್ಟು 1,000 ಪೌಂಡ್ ಮೀರದಂತೆ, 1957ರ ಕಾಯಿದೆಯಡಿ, ಬಯಲಿನ ಮೀಸಲು ನಿಧಿಯಿಂದ ಭರಿಸಿ, ಮಾರ್ಚ್ ಕೊನೆಯೊಳಗೆ ಬೆಂಚು ಹಾಕಿಸಲು ಕ್ಲರ್ಕಿಗೆ ಅಧಿಕಾರ ಕೊಡಲಾಯಿತು." ಏನು, ಎಷ್ಟು, ಯಾವ ಅಧಿಕಾರ, ಯಾವ ಖಾತೆ, ಯಾರು, ಯಾವಾಗ. ಈ ಆರರಲ್ಲಿ ಒಂದು ಬಿಟ್ಟರೂ ವಿಷಯ ಮುಂದಿನ ಸಭೆಗೆ ವಾಪಸು ಬರುತ್ತದೆ. "ಪರಿಶೀಲಿಸುವುದೆಂದು ತೀರ್ಮಾನಿಸಲಾಯಿತು" ಎಂಬ ಠರಾವುಗಳು ವರ್ಷಗಟ್ಟಲೆ ಪುಸ್ತಕದಲ್ಲಿ ಕೂತಿರುತ್ತವೆ. ಯಾರು, ಯಾವಾಗ ಎಂದು ಬರೆಯದ ಕೆಲಸಕ್ಕೆ ಯಾರೂ ಹೊಣೆಯಲ್ಲ.

ಮತ ಕೈ ಎತ್ತಿ. ಹಾಜರಿದ್ದು ಮತ ಹಾಕಿದವರಲ್ಲಿ ಬಹುಮತ ಸಾಕು. ಏಳು ಜನರಿದ್ದು ಮೂವರು ಪರ, ಇಬ್ಬರು ವಿರೋಧ, ಇಬ್ಬರು ತಟಸ್ಥರಾದರೆ ಠರಾವು ಪಾಸು, ನಾಲ್ಕು ಬೇಕೆಂಬ ವಾದ ತಪ್ಪು. ಸಮ ಬಂದರೆ ಅಧ್ಯಕ್ಷರಿಗೆ ಎರಡನೆಯ ಮತ ಉಂಟು. ಯಾವ ಸದಸ್ಯರಾದರೂ ಕೇಳಿದರೆ ಯಾರು ಹೇಗೆ ಮತ ಹಾಕಿದರೆಂದು ಹೆಸರು ಸಮೇತ ದಾಖಲಿಸಬೇಕು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಸ್ಥಾನಗಳ ಮೂರನೇ ಒಂದು, ಎಂದೂ ಮೂರಕ್ಕಿಂತ ಕಡಿಮೆಯಲ್ಲ. ಏಳು ಸ್ಥಾನದ ಕೌನ್ಸಿಲಿಗೆ ಮೂರು, ಹತ್ತರದಕ್ಕೆ ನಾಲ್ಕು.

ಕೋರಂ ಕೈಕೊಡುವುದು ಹಿತಾಸಕ್ತಿಯ ವಿಷಯದಲ್ಲಿ. ಸದಸ್ಯರಾದ 28 ದಿನದೊಳಗೆ ತಮ್ಮ ಮತ್ತು ಗಂಡ ಅಥವಾ ಹೆಂಡತಿಯ ಉದ್ಯೋಗ, ಜಮೀನು, ಗುತ್ತಿಗೆ ಇತ್ಯಾದಿ ವಿವರ ದಾಖಲಿಸಬೇಕು. ಅಂಥ ವಿಷಯ ಬಂದಾಗ ಚರ್ಚೆಯಲ್ಲೂ ಇಲ್ಲ, ಮತದಲ್ಲೂ ಇಲ್ಲ. ಬೇಕೆಂದೇ ಮುಚ್ಚಿಟ್ಟರೆ ಅದು ಅಪರಾಧ. ಅಲಾಟ್‌ಮೆಂಟಿನ ಬಾಡಿಗೆ ಏರಿಸುವ ವಿಷಯ ಬಂತೆನ್ನಿ. ಏಳರಲ್ಲಿ ಐವರಿಗೆ ಅಲ್ಲಿ ತುಂಡು ನೆಲ ಇದ್ದರೆ ಐವರೂ ಹೊರಗೆ, ಉಳಿದವರು ಇಬ್ಬರು, ಕೋರಂ ಇಲ್ಲ. ಇದಕ್ಕೆ ಪರಿಹಾರ ಕಾಯಿದೆಯಲ್ಲೇ ಇದೆ: ಸದಸ್ಯರು ಮೊದಲೇ ಲಿಖಿತವಾಗಿ ವಿನಾಯಿತಿ ಕೇಳಬೇಕು, ಕೌನ್ಸಿಲ್ ಅಥವಾ ಅಧಿಕಾರ ವಹಿಸಿದ್ದರೆ ಕ್ಲರ್ಕ್ ಅದನ್ನು ಕೊಡಬಹುದು. ಅಜೆಂಡಾ ಬರೆಯುವಾಗಲೇ ಪ್ರತಿ ವಿಷಯದ ಎದುರು ಯಾರ ಹಿತಾಸಕ್ತಿ ತಗಲಬಹುದೆಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಅವರಿಗೆ ಹಿಂದಿನ ದಿನವೇ ಫೋನ್ ಮಾಡುತ್ತೇನೆ. ಸಭೆಯ ನಡುವೆ, ಎಲ್ಲರ ಮುಂದೆ ಅದನ್ನು ಎತ್ತಿದರೆ ಒಳ್ಳೆಯ ಮನುಷ್ಯರಿಗೂ ಮುಜುಗರವಾಗುತ್ತದೆ.

ಸಭೆ ಸಾರ್ವಜನಿಕರಿಗೆ ತೆರೆದಿರಬೇಕೆಂದು 1960ರ ಕಾಯಿದೆ ಹೇಳುತ್ತದೆ. ನೌಕರರ ವಿಷಯ, ಗುತ್ತಿಗೆಯ ಚೌಕಾಸಿ ಇದ್ದಾಗ ಹೊರಗೆ ಕಳಿಸಬಹುದು, ಅದಕ್ಕೂ ಒಂದು ಠರಾವು ಬೇಕು. ಬಂದವರು ಸಭೆಯನ್ನು ಚಿತ್ರೀಕರಿಸಬಹುದು. ಮಾತಾಡುವ ಹಕ್ಕನ್ನು ಕಾಯಿದೆ ಕೊಟ್ಟಿಲ್ಲವಾದರೂ ಬಹುತೇಕ ಕೌನ್ಸಿಲುಗಳು ಆರಂಭದಲ್ಲಿ 15 ನಿಮಿಷ ಇಡುತ್ತವೆ, ಒಬ್ಬರಿಗೆ ಮೂರು ನಿಮಿಷ. ಆ ಹೊತ್ತು ನನಗೆ ಸಭೆಯ ಅತ್ಯಂತ ಬೆಲೆಯುಳ್ಳ ಭಾಗ. ಚರಂಡಿ ಎಲ್ಲಿ ಕಟ್ಟಿದೆ, ದೀಪದ ಯಾವ ಕಂಬ ಆರಿದೆ ಎಂದು ಯಾವ ವರದಿಗಿಂತಲೂ ಖಚಿತವಾಗಿ ಅಲ್ಲಿ ಗೊತ್ತಾಗುತ್ತದೆ. ಆದರೆ ಅಲ್ಲಿ ಕೇಳಿದ್ದಕ್ಕೆ ಅಂದೇ ತೀರ್ಮಾನ ಕೊಡಲಾಗುವುದಿಲ್ಲ ಎಂಬುದನ್ನು ಬಂದವರಿಗೆ ಸಮಾಧಾನದಿಂದ ವಿವರಿಸಬೇಕು.

ಜನ ಹೆಚ್ಚು ಬರುವುದು ಮನೆ ಕಟ್ಟುವ ಅರ್ಜಿಗಳಿಗಾಗಿ, ಹೆಚ್ಚು ನಿರಾಶರಾಗುವುದೂ ಅಲ್ಲೇ. ಅನುಮತಿ ಕೊಡುವುದು ಬಿಡುವುದು ಮೇಲಿನ ಜಿಲ್ಲಾ ಪ್ರಾಧಿಕಾರದ ಕೈಯಲ್ಲಿದೆ, ಪ್ಯಾರಿಷ್ ಅಭಿಪ್ರಾಯ ಮಾತ್ರ ಕೊಡುತ್ತದೆ. ಅದಕ್ಕೆ ಸಾಮಾನ್ಯವಾಗಿ 21 ದಿನ. "ನೋಟ ಹಾಳಾಗುತ್ತದೆ", "ನಮ್ಮ ಮನೆಯ ಬೆಲೆ ಬೀಳುತ್ತದೆ" ಎಂಬ ಆಕ್ಷೇಪಣೆಗಳನ್ನು ಅವರು ಪರಿಗಣಿಸುವುದಿಲ್ಲ. ನೆರೆಮನೆಯ ಕಿಟಕಿಗೆ ನೇರ ಕಣ್ಣು ಬೀಳುವುದು, ಬೆಳಕು ತಡೆಯುವುದು, ತಿರುವಿನಲ್ಲಿ ವಾಹನ ಕಾಣದಿರುವುದು, ನೀರು ನಿಲ್ಲುವುದು ಇವಕ್ಕೆ ತೂಕವಿದೆ. ಎರಡು ತಿಂಗಳಿಗೊಮ್ಮೆ ಸೇರುವ ಕೌನ್ಸಿಲಿಗೆ 21 ದಿನ ಸಾಲದು. ಅದಕ್ಕೆ ಮೂರು ದಾರಿ: ಅವಧಿ ವಿಸ್ತರಣೆ ಕೇಳುವುದು, ಆ ಒಂದು ವಿಷಯಕ್ಕೇ ಸಭೆ ಕರೆಯುವುದು, ಇಲ್ಲವೇ ಸದಸ್ಯರ ಅಭಿಪ್ರಾಯ ಪಡೆದು ಉತ್ತರಿಸುವ ಅಧಿಕಾರವನ್ನು ಕ್ಲರ್ಕಿಗೆ ಮುಂಚೆಯೇ ವಹಿಸಿರುವುದು. ವಿವಾದವಿಲ್ಲದ ಅರ್ಜಿಗೆ ಮೂರನೆಯದು, ವಿವಾದದ್ದಕ್ಕೆ ಎರಡನೆಯದು ಸರಿ ಎಂಬುದು ನನ್ನ ಅಭಿಪ್ರಾಯ.

ಹಣದ ಲೆಕ್ಕ ನವೆಂಬರಿನಲ್ಲಿ ಶುರು. ಕೌನ್ಸಿಲ್ ತನಗೆ ಬೇಕಾದ ಮೊತ್ತವನ್ನು ಪ್ರಿಸೆಪ್ಟ್ ಎಂದು ನಿಗದಿ ಮಾಡಿ ತೆರಿಗೆ ವಸೂಲಿ ಮಾಡುವ ಪ್ರಾಧಿಕಾರಕ್ಕೆ ತಿಳಿಸುತ್ತದೆ, ಅವರು ಅದನ್ನು ಊರಿನ ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಬಿಲ್ಲಿಗೆ ಸೇರಿಸುತ್ತಾರೆ. ಸಣ್ಣ ಊರಿನ ಬಜೆಟ್ ಹೀಗಿರಬಹುದು: ಕ್ಲರ್ಕಿನ ಸಂಬಳ 6,700 ಪೌಂಡ್, ಏಪ್ರಿಲಿನಿಂದ ಅಕ್ಟೋಬರ್‌ವರೆಗೆ 14 ಸಲ ಹುಲ್ಲು ಕತ್ತರಿಸಲು 5,200, ಬೀದಿದೀಪ 3,000, ಆಟದ ಅಂಗಳದ ತಪಾಸಣೆ ಮತ್ತು ದುರಸ್ತಿ 2,500, ವಿಮೆ 900, ಲೆಕ್ಕಪರಿಶೋಧನೆ 400, ಸಭಾಂಗಣದ ಬಾಡಿಗೆ 300, ಸದಸ್ಯತ್ವ ಮತ್ತು ತರಬೇತಿ 600, ಊರಿನ ಸಂಘಗಳಿಗೆ 1,000, ಆಟದ ಸಾಮಾನು ಹಳತಾದಾಗ ಬದಲಿಸಲು ತೆಗೆದಿಡುವ 3,000. ಒಟ್ಟು 23,600. ಅಲಾಟ್‌ಮೆಂಟ್ ಬಾಡಿಗೆ ಮತ್ತು ಬಡ್ಡಿ 800 ಕಳೆದರೆ ಪ್ರಿಸೆಪ್ಟ್ 22,800. ಪ್ರಾಧಿಕಾರ ಕೊಡುವ ತೆರಿಗೆ ಆಧಾರ (ತೆರಿಗೆಯ ಮಾದರಿ ಅಳತೆಯಾದ ಡಿ ದರ್ಜೆಗೆ ಸಮೀಕರಿಸಿ ಎಣಿಸಿದ ಊರಿನ ಮನೆಗಳ ಸಂಖ್ಯೆ) 570 ಇದ್ದರೆ ಡಿ ದರ್ಜೆಯ ಮನೆಗೆ ವರ್ಷಕ್ಕೆ 40 ಪೌಂಡ್. ಹೊಸ ಮನೆಗಳಾಗಿ ಆಧಾರ 600ಕ್ಕೆ ಏರಿದರೆ ಅದೇ ಮೊತ್ತಕ್ಕೆ 38 ಪೌಂಡ್. ಅದಕ್ಕೇ ಸದಸ್ಯರ ಮುಂದೆ ಎರಡೂ ಅಂಕಿ ಇಡಬೇಕು. ಬರಿ ಒಟ್ಟು ಮೊತ್ತ ನೋಡಿ ಹೆದರಿ ಕಡಿತ ಮಾಡಿದರೆ ಮೊದಲು ಹೋಗುವುದು ಆ ತೆಗೆದಿಡುವ 3,000, ಐದಾರು ವರ್ಷ ಕಳೆದು ಜಾರುಬಂಡಿ ಕೆಟ್ಟಾಗ ಬದಲಿಸಲು ಹಣವಿರುವುದಿಲ್ಲ. ಸಾಮಾನ್ಯ ಮೀಸಲು ಮೂರರಿಂದ ಹನ್ನೆರಡು ತಿಂಗಳ ಖರ್ಚಿನಷ್ಟು ಇರಲಿ ಎಂಬುದು ರೂಢಿಯ ಅಳತೆ. ಇಷ್ಟು ಸಣ್ಣ ಕೌನ್ಸಿಲ್ ಅದರ ಮೇಲಿನ ತುದಿಗೆ ಹತ್ತಿರವಿರುವುದು ಕ್ಷೇಮ. ಬಜೆಟ್ ಠರಾವಿನ ದಿನ ಯಾವುದೇ ಸದಸ್ಯರು ಎರಡು ತಿಂಗಳ ಕೌನ್ಸಿಲ್ ಟ್ಯಾಕ್ಸ್ ಬಾಕಿ ಉಳಿಸಿಕೊಂಡಿದ್ದರೆ ಅದನ್ನು ಹೇಳಿ ಮತದಿಂದ ದೂರವಿರಬೇಕು.

ಪಾವತಿಗಳ ಪಟ್ಟಿ ಪ್ರತಿ ಸಭೆಯಲ್ಲಿ ಒಪ್ಪಿಗೆಗೆ ಬರುತ್ತದೆ. ಬ್ಯಾಂಕಿನಲ್ಲಿ ನಾನು ಪಾವತಿ ಸಿದ್ಧಮಾಡುತ್ತೇನೆ, ಇಬ್ಬರು ಸದಸ್ಯರು ಬಿಲ್ಲು ನೋಡಿ ಮಂಜೂರು ಮಾಡುತ್ತಾರೆ. ಒಬ್ಬರ ಕೈಯಲ್ಲೇ ಎರಡೂ ಇದ್ದರೆ ಇಂದಲ್ಲ ನಾಳೆ ಎಡವಟ್ಟು ಖಂಡಿತ. ಬಿಲ್ಲು ಕೌನ್ಸಿಲಿನ ಹೆಸರಿಗೇ ಇರಲಿ. ಉತ್ಸಾಹಿ ಸದಸ್ಯರೊಬ್ಬರು ತಮ್ಮ ಕಾರ್ಡಿನಲ್ಲಿ, ತಮ್ಮ ಹೆಸರಿಗೆ ಬೆಂಚು ಕೊಂಡು ಆಮೇಲೆ ಹಣ ಕೇಳಿದರೆ ಬೆಂಚಿನ ಬೆಲೆಯ ಮೇಲೆ ಕಟ್ಟಿದ 200 ಪೌಂಡ್ ವ್ಯಾಟನ್ನು ಕೌನ್ಸಿಲ್ ತೆರಿಗೆ ಇಲಾಖೆಯಿಂದ ವಾಪಸು ಪಡೆಯುವುದು ಕಷ್ಟ.

ನಡಾವಳಿ ಬರೆಯುವಾಗ ಯಾರು ಏನೆಂದರು ಎಂಬುದು ಬೇಡ, ಏನು ತೀರ್ಮಾನವಾಯಿತು ಎಂಬುದು ಬೇಕು. ಮುಂದಿನ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಕೊಡುವುದೆಂದರೆ ಬರಹ ಸರಿಯಿದೆ ಎಂದಷ್ಟೇ ಅರ್ಥ. ಠರಾವು ಜಾರಿಗೆ ಬರುವುದು ಆದ ಕ್ಷಣದಿಂದಲೇ, ನಡಾವಳಿಗೆ ಸಹಿ ಬೀಳಲೆಂದು ಕೆಲಸ ನಿಲ್ಲಿಸಬೇಕಾಗಿಲ್ಲ. ಬೇಸರವಾದವರು ನಡಾವಳಿ ಒಪ್ಪುವ ಹೊತ್ತಿಗೆ ಹಳೆಯ ಚರ್ಚೆ ಮತ್ತೆ ತೆಗೆಯಲು ನೋಡುತ್ತಾರೆ. ಬಹುತೇಕ ಕೌನ್ಸಿಲುಗಳ ನಿಯಮಾವಳಿಯಲ್ಲಿ ಒಮ್ಮೆ ಆದ ಠರಾವನ್ನು ಆರು ತಿಂಗಳು ತಿರುವಿಹಾಕುವಂತಿಲ್ಲ, ವಿಶೇಷ ಲಿಖಿತ ಸೂಚನೆ ಇದ್ದರೆ ಹೊರತು.

ವರ್ಷದ ಲೆಕ್ಕ ಜೂನ್ 30ರೊಳಗೆ ಒಪ್ಪಿಗೆಯಾಗಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಆಡಳಿತ ಹೇಳಿಕೆ (ವ್ಯವಹಾರವನ್ನು ನಿಯಮದಂತೆ ನಡೆಸಿದ್ದೇವೆಂಬ ದೃಢೀಕರಣ) ಮೊದಲು, ಲೆಕ್ಕದ ಹೇಳಿಕೆ ಆಮೇಲೆ, ಎರಡಕ್ಕೂ ಬೇರೆ ಬೇರೆ ಠರಾವು. ಕ್ರಮ ತಪ್ಪಿದರೆ ಆಕ್ಷೇಪಣೆ ಬರುತ್ತದೆ. ನಂತರ 30 ಕೆಲಸದ ದಿನ ಊರಿನವರು ಬಂದು ಪುಸ್ತಕ ನೋಡಲು ಅವಕಾಶ, ಅದರಲ್ಲಿ ಜುಲೈ ತಿಂಗಳ ಮೊದಲ 10 ಕೆಲಸದ ದಿನಗಳು ಇರಲೇಬೇಕು. ಆದಾಯ, ಖರ್ಚು ಎರಡೂ 25,000 ಪೌಂಡ್ ಮೀರದಿದ್ದರೆ ಹೊರಗಿನ ಪರಿಶೀಲನೆಯಿಂದ ವಿನಾಯಿತಿ ಕೇಳಬಹುದು. ಆಟದ ಅಂಗಳಕ್ಕೆಂದು 10,000 ಅನುದಾನ ಬಂದ ವರ್ಷ ಆ ಮಿತಿ ದಾಟುತ್ತದೆ. ಹೊರಗಿನ ಪರಿಶೀಲನೆಯ ಶುಲ್ಕವನ್ನು ಹಿಂದಿನ ಬಜೆಟ್ಟಿನಲ್ಲೇ ಇಟ್ಟಿರಬೇಕು.

ಮೇ ತಿಂಗಳ ವಾರ್ಷಿಕ ಸಭೆಯನ್ನೂ ಊರಿನ ಸಭೆಯನ್ನೂ ಅನುಭವಿಗಳೇ ಬೆರೆಸಿಬಿಡುತ್ತಾರೆ. ಮೊದಲನೆಯದು ಕೌನ್ಸಿಲಿನದು, ಅದರ ಮೊದಲ ವಿಷಯ ಅಧ್ಯಕ್ಷರ ಆಯ್ಕೆ. ಎರಡನೆಯದು ಊರಿನ ಮತದಾರರೆಲ್ಲರ ಸಭೆ, ನಮ್ಮ ಗ್ರಾಮಸಭೆಯ ಹತ್ತಿರದ ನೆಂಟ. ಮಾರ್ಚ್ 1ರಿಂದ ಜೂನ್ 1ರೊಳಗೆ, ಸಂಜೆ 6ಕ್ಕಿಂತ ಮುಂಚೆ ಅಲ್ಲದಂತೆ ನಡೆಯಬೇಕು. ಅಲ್ಲಿ ಪ್ರತಿ ಮತದಾರರಿಗೂ ಮಾತು, ಮತ ಎರಡೂ ಇವೆ. ಆದರೆ ಅಲ್ಲಿಯ ಠರಾವು ಕೌನ್ಸಿಲನ್ನು ಕಟ್ಟಿಹಾಕುವುದಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಬಳಕೆಗೆ ಬರುವ ಮಾತೊಂದಿದೆ. ಭಾರತದ ಪೌರತ್ವವಿದ್ದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ, ವಾಸಕ್ಕೆ ಅನುಮತಿಯಿರುವವರು ಇಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಸ್ಪರ್ಧಿಸಲು ಅನಿರ್ದಿಷ್ಟಾವಧಿ ವಾಸದ ಅನುಮತಿ ಬೇಕು. ಜೊತೆಗೆ 18 ವರ್ಷ ತುಂಬಿ, ಆ ಊರಿನ ಮತದಾರರಾಗಿರಬೇಕು, ಇಲ್ಲವೇ ಹನ್ನೆರಡು ತಿಂಗಳಿಂದ ಅಲ್ಲಿ ಅಥವಾ ಮೂರು ಮೈಲಿ ಒಳಗೆ ವಾಸವಿರಬೇಕು. ಸೂಚಕರೊಬ್ಬರು, ಅನುಮೋದಕರೊಬ್ಬರು ಸಾಕು, ಠೇವಣಿ ಇಲ್ಲ. ನಡುವೆ ಸ್ಥಾನ ತೆರವಾದರೆ ನೋಟಿಸ್ ಹಾಕುತ್ತಾರೆ. ರಜಾದಿನ ಬಿಟ್ಟು 14 ದಿನದೊಳಗೆ ಹತ್ತು ಮತದಾರರು ಚುನಾವಣೆ ಕೇಳದಿದ್ದರೆ ಕೌನ್ಸಿಲೇ ಒಬ್ಬರನ್ನು ಆರಿಸಿಕೊಳ್ಳುತ್ತದೆ. ಆ ಸಭೆಗೆ ಹೋಗುವ ಮೊದಲು ಅವರ ಹಿಂದಿನ ಆರು ತಿಂಗಳ ನಡಾವಳಿ ಓದಿ, ಕಳೆದ ವರ್ಷದ ಬಜೆಟ್ ಕೇಳಿ ಪಡೆಯಿರಿ. ಆಯ್ಕೆಯಾದರೆ ಆ ಸಭೆಯಲ್ಲೇ, ಮೊದಲ ಮತ ಹಾಕುವ ಮುಂಚೆ, ಕ್ಲರ್ಕಿನ ಎದುರು ಅಧಿಕಾರ ಸ್ವೀಕಾರದ ಪತ್ರಕ್ಕೆ ಸಹಿ ಮಾಡಬೇಕು. ಪತ್ರ ನಾನು ಯಾವಾಗಲೂ ಎರಡು ಪ್ರತಿ ತಂದಿರುತ್ತೇನೆ.